2048: ಒಂಬತ್ತು ವರ್ಷ ಆಡಿದ ಮೇಲೆ

ನನ್ನದು ಡಿಟಿಪಿ, ಜೆರಾಕ್ಸ್ ಅಂಗಡಿ. ದೊಡ್ಡ ಪ್ರಿಂಟ್ ಹೊರಗೆ ಬರೋವಷ್ಟರಲ್ಲಿ ಒಂದು ಕೈ ನೋಡೋಣ ಅಂತ ಸುಮ್ನೆ ಶುರು ಮಾಡಿದ ಆಟ ಇದು. ಇನ್ನೂ ಬಿಟ್ಟಿಲ್ಲ.

ಗೊತ್ತಿಲ್ಲದವರಿಗೆ: 16 ಮನೆಗಳ ಚೌಕ, ನಮ್ಮ ಚೌಕಾಬಾರಕ್ಕಿಂತ ಚಿಕ್ಕದು. ಬಾಣದ ಕೀ ಒತ್ತಿದರೆ ಅಂಕಿಗಳೆಲ್ಲ ಒಂದೇ ಕಡೆ ಜರುಗುತ್ತವೆ. ಒಂದೇ ಥರದ ಎರಡು ಡಿಕ್ಕಿಯಾದರೆ ಕೂಡಿ ಒಂದಾಗುತ್ತವೆ: 2, 2 ಸೇರಿ 4, 4, 4 ಸೇರಿ 8, ಹೀಗೆ. ಪ್ರತಿ ಸಲ ಹೊಸದಾಗಿ 2 ಬರುತ್ತೆ, ಹತ್ತಕ್ಕೆ ಒಂದು ಸಲ 4. ಇಟಲಿಯ ಗೇಬ್ರಿಯೆಲೆ ಚಿರುಲ್ಲಿ 2014ರ ಮಾರ್ಚ್‌ನಲ್ಲಿ, 19ನೇ ವಯಸ್ಸಿನಲ್ಲಿ, ಒಂದು ವಾರಾಂತ್ಯದಲ್ಲಿ ಬರೆದು ಪುಕ್ಕಟೆ ಕೊಟ್ಟ. ನಾನು ಹೇಳುತ್ತಿರುವುದು ಬ್ರೌಸರ್‌ನಲ್ಲಿ ಆಡುವ ಆ ಮೂಲ ಆಟದ ಬಗ್ಗೆ. ಫೋನಿನಲ್ಲಿ ಸಿಗುವ ನಕಲುಗಳಲ್ಲಿ ಆಟಕ್ಕಿಂತ ಜಾಹೀರಾತೇ ಜಾಸ್ತಿ.

2048 ಮಾಡಿದರೆ ಗೆದ್ದಂತೆ. ಆದರೆ ಅಲ್ಲೇ ‘ಮುಂದುವರಿಸಿ’ ಅನ್ನೋ ಬಟನ್ ಇದೆ, ನಾನು ಕೆಟ್ಟಿದ್ದು ಅದರಿಂದಲೇ. ಎರಡು ಸೇರಿ ಎಷ್ಟಾಯಿತೋ ಅಷ್ಟು ಅಂಕ. ಹಾಗಾಗಿ 2048 ಆಗುವ ಹೊತ್ತಿಗೆ ಸುಮಾರು 20,000. 4096ಕ್ಕೆ 44,000 ದಾಟುತ್ತೆ. 8192 ಬೇಕಂದರೆ 97,000ದ ಹತ್ತಿರ. ಪ್ರತಿ ಮೆಟ್ಟಿಲೂ ಹಿಂದಿನದರ ಎರಡರಷ್ಟಕ್ಕಿಂತ ಜಾಸ್ತಿ. ಸೋತರೆ ಮತ್ತೆ ಸೊನ್ನೆಯಿಂದ.

ಗುಟ್ಟು ಒಂದೇ: ದೊಡ್ಡ ಅಂಕಿಯನ್ನು ಮೂಲೆ ಬಿಡಿಸಬಾರದು. ನನ್ನದು ಕೆಳಗಿನ ಎಡ ಮೂಲೆ. ಮೇಲಿನ ಬಾಣ ಮುಟ್ಟೋದೇ ಇಲ್ಲ. ಆದರೂ ಒಂದು ಗಳಿಗೆ ಬರುತ್ತೆ. ಕೆಳಗಿನ ಎರಡು ಸಾಲು ಪೂರ್ತಿ ತುಂಬಿರುತ್ತವೆ, ಯಾವುದೂ ಯಾವುದಕ್ಕೂ ಸೇರಲ್ಲ, ಮೇಲಿನ ಎರಡು ಖಾಲಿ. ಎಡಕ್ಕೆ ಹೋಗಲ್ಲ, ಬಲಕ್ಕೆ ಹೋಗಲ್ಲ, ಕೆಳಕ್ಕೂ ಇಲ್ಲ. ಮೇಲಕ್ಕೆ ಒತ್ತಲೇಬೇಕು. ಒತ್ತಿದೆ ಅಂದರೆ ಕೆಳಗೆ ಎಂಟು ಮನೆ ಖಾಲಿ. ಹೊಸ 2 ಎಡಗಡೆಯ ಎರಡು ಮನೆಗಳಲ್ಲಿ ಎಲ್ಲಾದರೂ ಬಿತ್ತೋ, 4096ರ ಅಡಿಗೆ ಅದು ಬೆಣೆ ಹೊಡೆದ ಹಾಗೆ ಕೂರುತ್ತೆ. ನಾಲ್ಕಕ್ಕೆ ಒಂದು ಸಾಧ್ಯತೆ ಅಷ್ಟೇ, ಆದರೆ ನನ್ನ ಪಾಲಿಗೆ ಅದೇ ಬರುತ್ತೆ ಅಂತ ಅನಿಸೋದು ಯಾಕೋ!

ದೂರುಗಳೂ ಇವೆ. ಬಾಣದ ಬದಲು ಡಬ್ಲ್ಯೂ, ಎ, ಎಸ್, ಡಿ ಕೀಗಳಲ್ಲೂ ಆಡಬಹುದು. ಆದರೆ ಅಲ್ಲೇ ಪಕ್ಕದ ಆರ್ ಒತ್ತಿದರೆ ಆಟ ಹೊಸದಾಗಿ ಶುರು. ಒಂದು ಮಾತೂ ಕೇಳಲ್ಲ. ಬೆರಳು ಜಾರಿ ನಾನು ಎರಡು ಸಲ ಕಳೆದುಕೊಂಡಿದ್ದೇನೆ.

ಅದಕ್ಕಿಂತ ದೊಡ್ಡದು ಇನ್ನೊಂದು. ಅತಿ ಹೆಚ್ಚು ಅಂಕ ಉಳಿಯೋದು ನಿಮ್ಮ ಬ್ರೌಸರ್ ಒಳಗೆ ಮಾತ್ರ. ಒಬ್ಬ ಗಿರಾಕಿಯ ಅರ್ಜಿ ತೆರೆಯುತ್ತಿರಲಿಲ್ಲ. ಸಹಾಯವಾಣಿಗೆ ಫೋನ್ ಮಾಡಿದರೆ, ‘ಹಿಸ್ಟರಿ, ಕುಕೀಸ್ ಎಲ್ಲ ಕ್ಲಿಯರ್ ಮಾಡಿ ಸರ್’ ಅಂದರು. ಮಾಡಿದೆ. ಅರ್ಜಿ ತೆರೆಯಿತು. ಸಂಜೆ ಆಟ ತೆರೆದರೆ ನನ್ನ 60,348 ಇದ್ದ ಜಾಗದಲ್ಲಿ ಸೊನ್ನೆ! ಫೋಟೋನೂ ತೆಗೆದಿರಲಿಲ್ಲ.

ಈಗ ಅಲ್ಲಿರೋದು 36,248. ಹಳೆಯದನ್ನು ಚೀಟಿಯಲ್ಲಿ ಬರೆದು ಮಾನಿಟರ್ ಅಂಚಿಗೆ ಅಂಟಿಸಿದ್ದೇನೆ. ತಂಗಿ ಮಗ ನಂಬಲ್ಲ. ಅದಕ್ಕೂ ಕಾರಣ ನಾನೇ. ಹಿಂದೊಮ್ಮೆ ಅವನು ತನ್ನದು 70,002 ಅಂತ ಕೊಚ್ಚಿಕೊಂಡಿದ್ದ. ಈ ಆಟದಲ್ಲಿ ಅಂಕ ಯಾವತ್ತೂ 4ರಿಂದ ಭಾಗವಾಗಲೇಬೇಕು, ಸುಳ್ಳು ಅಂತ ಹಿಡಿದು ಹಾಕಿದ್ದೆ. ಈಗ ಚೀಟಿ ನೋಡಿದಾಗೆಲ್ಲ ಅವನದು ಒಂದೇ ಮಾತು: ‘ಭಾಗ ಆಗುತ್ತೆ ಮಾವ, ಸರಿ. ಲೆಕ್ಕ ಗೊತ್ತಿರೋರು ಸುಳ್ಳನ್ನೂ ಸರಿಯಾಗೇ ಬರೀತಾರೆ ಅಲ್ವಾ?’