ಇರ್ವಿಂಗ್‌ನಿಂದ ಡೆನ್ವರ್‌ಗೆ: ದಾರಿಯಲ್ಲಿ ಎಲ್ಲೆಲ್ಲಿ ಚಿಪೋಟ್ಲೆ ಸಿಗುತ್ತದೆ?

ಅರಸೀಕೆರೆಯಿಂದ ಅಪ್ಪ ಅಮ್ಮ ಬಂದಾಗಲೆಲ್ಲ ನನಗೆ ಒಂದೇ ಚಿಂತೆ. ಕಾರಿನಲ್ಲಿ ದೂರ ಹೊರಟರೆ ಊಟ ಎಲ್ಲಿ? ನಾವಿರುವ ಟೆಕ್ಸಸ್‌ನ ಇರ್ವಿಂಗ್‌ನಲ್ಲಿ ಇರುವಷ್ಟು ದಿನ ಯೋಚನೆಯಿಲ್ಲ. ಡಲ್ಲಾಸ್ ಸುತ್ತಮುತ್ತ ಇಡ್ಲಿ, ದೋಸೆ ಎಲ್ಲ ಸಿಗುತ್ತದೆ. ಊರು ಬಿಟ್ಟು ನೂರು ಮೈಲಿ ಹೋದರೆ ಕಥೆಯೇ ಬೇರೆ.

ಅವರು ಮೊದಲ ಸಲ ಬಂದಾಗ ಒಂದು ಹೈವೇ ಹೋಟೆಲ್‌ನಲ್ಲಿ ಕಾಳಿನ ಸೂಪ್ ತರಿಸಿದ್ದೆ. ಮಾಂಸ ಇಲ್ಲ ತಾನೇ ಅಂತ ಎರಡು ಸಲ ಕೇಳಿದ್ದೆ. ಇಲ್ಲ ಅಂದರು. ಅಮ್ಮ ಮೂರು ಚಮಚ ಕುಡಿದ ಮೇಲೆ ಗೊತ್ತಾಯಿತು, ಕಾಳು ಬೇಯಿಸಿದ್ದು ಕೋಳಿ ಬೇಯಿಸಿದ ನೀರಿನಲ್ಲಿ. ಅಮ್ಮ ಯಾರನ್ನೂ ಬೈಯಲಿಲ್ಲ. ಚಮಚ ಕೆಳಗಿಟ್ಟು ಎದ್ದು ಹೋಗಿ ಕಾರಿನಲ್ಲಿ ಕೂತರು. ಆ ಪ್ರಯಾಣ ಮುಗಿಯುವ ತನಕ ಬಾಳೆಹಣ್ಣು, ಬಿಸ್ಕತ್ತು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದಕ್ಕೇ ಹೋದ ಜೂನ್‌ನಲ್ಲಿ ಡೆನ್ವರ್‌ಗೆ ಹೊರಟಾಗ ನಾನು ಮೊದಲು ನೋಡಿದ್ದು ಹೋಟೆಲ್ ರೂಮನ್ನಲ್ಲ, ಚಿಪೋಟ್ಲೆ ಆಪ್‌ನ ಮ್ಯಾಪನ್ನು. ಚಿಪೋಟ್ಲೆ ಅಂದರೆ ಮೆಕ್ಸಿಕನ್ ಥರದ ಊಟದ ಅಂಗಡಿ, ಒಂದೇ ಹೆಸರಲ್ಲಿ ಊರೂರಲ್ಲಿ ಇದೆ. ಮಾಂಸವಿಲ್ಲದೆ ಬರೀ ಅನ್ನ, ಕಾಳು, ತರಕಾರಿ ಹಾಕಿಸಿಕೊಂಡು ತಿನ್ನಬಹುದು. ನಾವು ಹಿಡಿದದ್ದು 287ನೇ ಹೈವೇ. ವಿಚಿಟಾ ಫಾಲ್ಸ್‌ನಲ್ಲಿ ಚುಕ್ಕೆ ಇದೆ, ಅಂದರೆ ಅಂಗಡಿ ಇದೆ. ಅಮರಿಲ್ಲೊದಲ್ಲಿ ಇದೆ. ಆಮೇಲೆ ಡಾಲ್‌ಹಾರ್ಟ್, ಕ್ಲೇಟನ್, ರಟೋನ್ ಅಂತ ಬೆರಳು ಸರಿಸುತ್ತ ಹೋದೆ. ಏನೂ ಇಲ್ಲ. ನಮ್ಮ ದಾರಿಗೆ ಮುಂದಿನ ಚುಕ್ಕೆ ಸಿಕ್ಕಿದ್ದು ಕೊಲರಾಡೊದ ಪ್ವೆಬ್ಲೊದಲ್ಲಿ. ಅಮರಿಲ್ಲೊದಿಂದ ಅಲ್ಲಿಗೆ ಸುಮಾರು 320 ಮೈಲಿ. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಬೆಂಗಳೂರಲ್ಲಿ ಉಂಡು ಹೊರಟವರಿಗೆ ಮುಂದಿನ ಊಟ ಬೆಳಗಾವಿಯಲ್ಲಿ.

ಪ್ವೆಬ್ಲೊ ದಾಟಿದ ಮೇಲೆ ನೋಡಿ, ಕೊಲರಾಡೊ ಸ್ಪ್ರಿಂಗ್ಸ್‌ನಿಂದ ಡೆನ್ವರ್ ತನಕ ಸಾಲು ಸಾಲು ಚುಕ್ಕೆ. ಕಾರಣ ಇದೆ. ಚಿಪೋಟ್ಲೆ ಹುಟ್ಟಿದ್ದೇ ಡೆನ್ವರ್‌ನಲ್ಲಿ, 1993ರಲ್ಲಿ. ಸ್ಟೀವ್ ಎಲ್ಸ್ ಅಂತ ಒಬ್ಬ ಬಾಣಸಿಗ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೆಲಸ ಮಾಡುವಾಗ ಅಲ್ಲಿನ ಮೆಕ್ಸಿಕನ್ ಅಂಗಡಿಗಳ ದೊಡ್ಡ ಬರಿಟೊ, ಅಂದರೆ ಅನ್ನ, ಕಾಳು ಎಲ್ಲ ತುಂಬಿ ಸುತ್ತಿದ ರೊಟ್ಟಿ, ನೋಡಿದ್ದ. ಅಪ್ಪನ ಹತ್ತಿರ 85,000 ಡಾಲರ್ ಸಾಲ ತಗೊಂಡು, ಡೆನ್ವರ್ ವಿಶ್ವವಿದ್ಯಾಲಯದ ಹತ್ತಿರ ಹಳೇ ಐಸ್‌ಕ್ರೀಮ್ ಅಂಗಡಿಯ ಜಾಗದಲ್ಲಿ ಶುರು ಮಾಡಿದ. ದಿನಕ್ಕೆ 107 ಬರಿಟೊ ಮಾರಿದರೆ ಲಾಭ ಅಂತ ಲೆಕ್ಕ ಹಾಕಿದ್ದರಂತೆ. ಒಂದೇ ತಿಂಗಳಲ್ಲಿ ಅದು ದಿನಕ್ಕೆ ಸಾವಿರದ ಮೇಲೆ ಹೋಯಿತು.

1998ರಲ್ಲಿ ಮೆಕ್‌ಡೊನಾಲ್ಡ್ಸ್ ದುಡ್ಡು ಹಾಕಿದಾಗ ಇದ್ದದ್ದು 16 ಅಂಗಡಿ, ಎಲ್ಲವೂ ಕೊಲರಾಡೊದಲ್ಲೇ. 2006ರಲ್ಲಿ ಅವರು ಹೊರಗೆ ಹೋಗುವ ಹೊತ್ತಿಗೆ 500 ದಾಟಿತ್ತು. ಈಗ 3,500ಕ್ಕೂ ಜಾಸ್ತಿ. ಅಷ್ಟಿದ್ದರೂ ಅಮೆರಿಕದಲ್ಲಿ ಯಾರಿಗೂ ಫ್ರಾಂಚೈಸಿ ಕೊಟ್ಟಿಲ್ಲ. ಎಲ್ಲ ಅಂಗಡಿಯನ್ನೂ ಕಂಪನಿಯೇ ನಡೆಸುತ್ತದೆ. ನಮ್ಮಂಥವರಿಗೆ ಇದು ತುಂಬಾ ಮುಖ್ಯ. ಮಾಲೀಕ ಬದಲಾದ ಹಾಗೆ ಅಡುಗೆ ಬದಲಾಗುವುದಿಲ್ಲ. ಇರ್ವಿಂಗ್‌ನಲ್ಲಿ ಯಾವ ಕಾಳನ್ನು ತಿನ್ನಬಹುದು ಅಂತ ಒಂದು ಸಲ ತಿಳಿದುಕೊಂಡರೆ ಅಮರಿಲ್ಲೊದಲ್ಲಿ ಮತ್ತೆ ವಿಚಾರಿಸಬೇಕಿಲ್ಲ.

ನನಗೆ ಈ ಅಂಗಡಿಯ ಪರಿಚಯ ಆದದ್ದು ಮಿನಿಯಾಪೊಲಿಸ್‌ನಲ್ಲಿ, ಎಂ.ಎಸ್. ಓದುವಾಗ. ಕೊಲರಾಡೊ ಬಿಟ್ಟು ಹೊರಗೆ ಬಂದ ಹೊಸತರಲ್ಲೇ, 1999ರಲ್ಲಿ, ಅಲ್ಲಿನ ವಿಶ್ವವಿದ್ಯಾಲಯದ ಪಕ್ಕ ಅಂಗಡಿ ತೆರೆದಿದ್ದರು. ಓದುವ ಹುಡುಗರು ಎಲ್ಲಿದ್ದಾರೋ ಅಲ್ಲಿ ಮೊದಲು. ಬೋಲ್ ಅಂದರೆ ರೊಟ್ಟಿಯಲ್ಲಿ ಸುತ್ತದೆ ಬಟ್ಟಲಿಗೇ ಹಾಕಿಕೊಡುವ ಊಟ. ನಾನು ಒಂದು ಬೋಲ್ ತಗೊಂಡರೆ ಅರ್ಧ ಮಧ್ಯಾಹ್ನಕ್ಕೆ, ಇನ್ನರ್ಧ ರಾತ್ರಿಗೆ. ಹಿಮ ಬೀಳುವ ಆ ಊರಲ್ಲಿ ಎರಡು ವರ್ಷ ನನ್ನ ಹೊಟ್ಟೆ ಕಾದದ್ದು ಆ ಅಂಗಡಿ. ಅಲ್ಲಿ ಎರಡು ಥರದ ಕಾಳು, ಕರೀದು ಮತ್ತು ಪಿಂಟೊ ಅನ್ನುವ ಕಂದು ಬಣ್ಣದ್ದು. ಆಗ ಕರೀ ಕಾಳು ಮಾತ್ರ ತಿನ್ನುತ್ತಿದ್ದೆ. ಯಾಕೆಂದರೆ ಸುಮಾರು 2013ರ ತನಕ ಪಿಂಟೊ ಕಾಳಿಗೆ ಬೇಕನ್, ಅಂದರೆ ಹಂದಿಮಾಂಸ ಹಾಕುತ್ತಿದ್ದರು. ಈಗ ಹಾಕುವುದಿಲ್ಲ. ಎರಡೂ ಕಾಳು ಸಸ್ಯಾಹಾರವೇ. ಹಳೇ ಸುದ್ದಿ ಕೇಳಿಕೊಂಡು ಇವತ್ತಿಗೂ ಪಿಂಟೊ ಬೇಡ ಅನ್ನುವವರು ನಮ್ಮ ಕನ್ನಡದವರಲ್ಲೇ ಇದ್ದಾರೆ. ಅವರಿಗಾಗಿ ಇಷ್ಟು ಬಿಡಿಸಿ ಹೇಳಿದೆ.

ಅಮರಿಲ್ಲೊಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಹೊರಗೆ ಬೆಂಕಿಯಂಥ ಬಿಸಿಲು. ಅಮ್ಮ ಗಾಜಿನ ಮುಂದೆ ನಿಂತು ಒಂದೊಂದೇ ಪಾತ್ರೆ ನೋಡಿದರು. ಅನ್ನ, ಕಾಳು, ಹುರಿದ ದಪ್ಪ ಮೆಣಸಿನಕಾಯಿ, ಈರುಳ್ಳಿ. ಅದರ ಪಕ್ಕದಲ್ಲೇ ಕೋಳಿ.

"ನೋಡೇ, ಈಗ ತಾನೇ ಆ ಕೈಯಲ್ಲೇ ಕೋಳಿ ಬಡಿಸಿದಳು" ಅಂತ ಮೆಲ್ಲಗೆ ಅಂದರು.

"ತಡಿಯಮ್ಮ, ಹೇಳ್ತೀನಿ" ಅಂದೆ. ನಾವು ಸಸ್ಯಾಹಾರಿಗಳು, ದಯವಿಟ್ಟು ಗ್ಲೋವ್ಸ್ ಬದಲಾಯಿಸುತ್ತೀರಾ ಅಂತ ಬಡಿಸುತ್ತಿದ್ದ ಹುಡುಗಿಯನ್ನು ಕೇಳಿದೆ. ನಮ್ಮ ಹಿಂದೆ ಎಂಟು ಜನ ಇದ್ದರು. ಅವಳು ಒಂದು ಮಾತೂ ಆಡದೆ ಗ್ಲೋವ್ಸ್ ತೆಗೆದು ಬಿಸಾಕಿದಳು. ಸಿಂಕಿಗೆ ಹೋಗಿ ಕೈ ತೊಳೆದಳು. ಹೊಸದು ಹಾಕಿಕೊಂಡು ಬಂದು, ತರಕಾರಿಗೆ ಬೇರೆ ಸೌಟು ತಗೊಂಡಳು. ಅಮ್ಮ ಅವಳ ಕೈಯನ್ನೇ ನೋಡುತ್ತಿದ್ದರು. ಕಡೆಗೆ "ಥ್ಯಾಂಕ್ಯೂ ಕಣಮ್ಮ" ಅಂತ ಕನ್ನಡದಲ್ಲೇ ಅಂದರು. ಆ ಹುಡುಗಿಗೆ ಅರ್ಥವಾಯಿತು, ಮುಖ ಅರಳಿಸಿ ನಕ್ಕಳು. ನಾನು ಈ ಅಂಗಡಿಯನ್ನು ಮೆಚ್ಚುವುದು ಇದಕ್ಕೇ. ಎಲ್ಲ ಕಣ್ಣೆದುರಿಗೆ ನಡೆಯುತ್ತದೆ. ನಮ್ಮ ಪಂಕ್ತಿಯಲ್ಲಿ ನಾವು ಕೂತಿರುತ್ತೇವೆ, ಬಡಿಸುವವರು ಬರುತ್ತಾರೆ. ಇಲ್ಲಿ ಬಡಿಸುವವರು ನಿಂತಿರುತ್ತಾರೆ, ನಾವು ಸರಿಯುತ್ತ ಹೋಗುತ್ತೇವೆ. ಏನು ಬೀಳುತ್ತಿದೆ ಅಂತ ನೋಡಿಕೊಂಡೇ ಹಾಕಿಸಿಕೊಳ್ಳಬಹುದು.

ಅನ್ನಕ್ಕೆ ನಿಂಬೆರಸ, ಕೊತ್ತಂಬರಿ ಸೊಪ್ಪು ಹಾಕಿರುತ್ತಾರೆ. ಅಪ್ಪ ಒಂದು ತುತ್ತು ತಿಂದು "ಒಗ್ಗರಣೆ ಇಲ್ಲದ ಚಿತ್ರಾನ್ನ" ಅಂದರು. ಸರಿಯಾಗೇ ಹೇಳಿದರು. ಮಾಂಸದ ಬದಲು ಬರೀ ಹುರಿದ ತರಕಾರಿ ತಗೊಂಡರೆ ಗ್ವಾಕಮೋಲೆಗೆ ಬೇರೆ ದುಡ್ಡು ಇಲ್ಲ. ಅದು ಬೆಣ್ಣೆಹಣ್ಣಿನ ಗೊಜ್ಜು, ಅಮ್ಮನಿಗೆ ಬಹಳ ಹಿಡಿಸಿತು. ಮೆಕ್ಕೆಜೋಳದ ಸಾಲ್ಸಾ, ಅಂದರೆ ಕೋಸಂಬರಿಯಂಥದ್ದು, ಅದು ಕೂಡ. ನಾನು ಬ್ಯಾಗಿನಿಂದ ಶೇಂಗಾ ಚಟ್ನಿಪುಡಿ ತೆಗೆದೆ. ಅಮ್ಮ ಬೋಲ್ ಪೂರ್ತಿ ಖಾಲಿ ಮಾಡಿದರು. ಪ್ರಯಾಣದಲ್ಲಿ ಅವರು ಹೊಟ್ಟೆ ತುಂಬ ಉಂಡಿದ್ದನ್ನು ಅಮೆರಿಕದಲ್ಲಿ ನಾನು ನೋಡಿದ್ದು ಅವತ್ತೇ ಮೊದಲು.

ಸೊಫ್ರೀಟಾಸ್ ಅಂತ ತೋಫುವಿನ, ಅಂದರೆ ಸೋಯಾ ಪನೀರಿನ, ಖಾರದ ಪಲ್ಯವೂ ಇದೆ. 2013ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿ ಆಮೇಲೆ ದೇಶದ ತುಂಬ ತಂದರು. ನನ್ನ ಗಂಡನಿಗೆ ಅದೇ ಬೇಕು. ನನಗೆ ಅದರ ಹೊಗೆವಾಸನೆ ಒಗ್ಗುವುದಿಲ್ಲ. ಚಿಪೋಟ್ಲೆ ಅಂದರೇ ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿ, ಹಾಗಾಗಿ ವಾಸನೆ ಇರಬೇಕಾದ್ದೇ.

ಅಮರಿಲ್ಲೊ ಬಿಟ್ಟ ಮೇಲೆ ಆ ಖಾಲಿ ದಾರಿ. ಬಯಲು, ದನ, ಗಾಳಿಯಂತ್ರ, ಮತ್ತೆ ಬಯಲು. ಇಂಥ ಕಡೆ ಯಾಕೆ ಅಂಗಡಿ ಇಡುವುದಿಲ್ಲ ಅಂತ ಅಪ್ಪ ಕೇಳಿದರು. ಕಾರಣ ಅಲ್ಲೇ ಕಾಣುತ್ತದೆ. ಇವರದು ದಿನವೂ ಅಡುಗೆಮನೆಯಲ್ಲಿ ತರಕಾರಿ ಹೆಚ್ಚಿ, ಬೆಣ್ಣೆಹಣ್ಣು ಅರೆದು ಮಾಡುವ ಅಡುಗೆ. ತಾಜಾ ಸಾಮಾನು ಲಾರಿಯಲ್ಲಿ ಬರುತ್ತಲೇ ಇರಬೇಕು, ಕೆಲಸಕ್ಕೆ ಜಾಸ್ತಿ ಜನ ಬೇಕು, ಕೊಳ್ಳುವವರು ದಿನವಿಡೀ ಸಾಲಿನಲ್ಲಿ ನಿಲ್ಲಬೇಕು. ದೊಡ್ಡ ಊರು, ಅದರ ಸುತ್ತಲಿನ ಬಡಾವಣೆ, ಕಾಲೇಜು ಇದ್ದ ಕಡೆ ಅದು ನಡೆಯುತ್ತದೆ. ಉತ್ತರ ಅಮೆರಿಕದಲ್ಲಿ 7,000 ಅಂಗಡಿ ಮಾಡುತ್ತೇವೆ, ಸಣ್ಣ ಊರುಗಳಿಗೂ ಹೋಗುತ್ತೇವೆ ಅಂತ 2022ರಲ್ಲಿ ಕಂಪನಿ ಹೇಳಿದೆ. ಹಾಗಾದರೆ ರಟೋನ್‌ನಲ್ಲಿ ಒಂದು ಮಾಡಲಿ ಅಂತ ನಾನು ಮನಸಾರೆ ಕೇಳಿಕೊಳ್ಳುತ್ತೇನೆ. ಟೆಕ್ಸಸ್‌ನಿಂದ ಕೊಲರಾಡೊಗೆ ಹೋಗುವ ಎಷ್ಟು ಸಸ್ಯಾಹಾರಿ ಕುಟುಂಬಗಳು ಆ ಊರಲ್ಲಿ ಪೆಟ್ರೋಲ್ ಹಾಕಿಸಿ, ಚಿಪ್ಸ್ ತಿಂದು ಮುಂದೆ ಹೋಗುತ್ತವೋ!

ಡೆನ್ವರ್‌ನಲ್ಲಿ ಈಸ್ಟ್ ಇವಾನ್ಸ್ ಅವೆನ್ಯೂದಲ್ಲಿರುವ ಆ ಮೊದಲ ಅಂಗಡಿಗೆ ಹೋದೆವು. ಪುಟ್ಟದು. ಸುಮಾರು 850 ಚದರಡಿ. ಅಪ್ಪ ಒಳಗೆ ನಿಂತು ಗೋಡೆಯಿಂದ ಗೋಡೆಗೆ ಅಳತೆ ಹಾಕುವ ಹಾಗೆ ನೋಡಿದರು. ಅರಸೀಕೆರೆಯಲ್ಲಿ ಮೂವತ್ತು ವರ್ಷ ದಿನಸಿ ಅಂಗಡಿ ನಡೆಸಿದವರು ಅವರು. "ನಮ್ಮ ಅಂಗಡಿಗಿಂತ ಸ್ವಲ್ಪ ದೊಡ್ಡದು ಅಷ್ಟೇ ಅಲ್ವಾ" ಅಂದರು. ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ. ಊಟ? ಅಮರಿಲ್ಲೊದಲ್ಲಿ ತಿಂದದ್ದೇ, ಅದೇ ರುಚಿ.

ವಾಪಸ್ ಬರುವಾಗ ಪ್ವೆಬ್ಲೊದಲ್ಲಿ ನಾಲ್ಕು ಬೋಲ್ ಕಟ್ಟಿಸಿಕೊಂಡೆವು. ಈ ದಾರಿಯಲ್ಲಿ ಹೋಗುವವರಿಗೆ ನನ್ನ ಸಲಹೆಯೂ ಇದೇ. ಹೋಗುವಾಗ ಅಮರಿಲ್ಲೊದಲ್ಲಿ, ಬರುವಾಗ ಪ್ವೆಬ್ಲೊದಲ್ಲಿ ಕಟ್ಟಿಸಿಕೊಳ್ಳಿ. ಗ್ವಾಕಮೋಲೆ, ಸಾಲ್ಸಾ ಬೇರೆ ಡಬ್ಬಿಯಲ್ಲಿ ಹಾಕಿಸಿ, ಐಸ್ ಡಬ್ಬದಲ್ಲಿಡಿ. ಎರಡು ಗಂಟೆಯೊಳಗೆ ತಿಂದುಬಿಡಿ. ರಟೋನ್ ದಾಟಿ, ಕಪುಲಿನ್ ಜ್ವಾಲಾಮುಖಿ ಬೆಟ್ಟ ಕಾಣುವ ಕಡೆ ಕಾರು ನಿಲ್ಲಿಸಿದೆವು. ಜೋರು ಗಾಳಿ. ಅಮ್ಮ ಸೆರಗು ಸಿಕ್ಕಿಸಿಕೊಂಡು, ಕಾರಿನ ಡಿಕ್ಕಿಯ ಮೇಲೇ ನಾಲ್ಕು ಬೋಲ್ ಇಟ್ಟು, ಒಂದೊಂದಕ್ಕೂ ತಾವೇ ಚಟ್ನಿಪುಡಿ ಉದುರಿಸಿ ಕೊಟ್ಟರು.