ಎರಡು ತೂಕದ ಮಷೀನು, ಒಂದು ದರ್ಜಿ ಟೇಪು, ಒಂದು ಡೆಕ್ಸಾ: ನನ್ನ ಮೈಯಾಗ ಕೊಬ್ಬು ಖರೇನ ಎಷ್ಟೈತಿ?

ಒಂದ ವಾರದಾಗ, ಒಂದ ಮೈಗೆ, ನಾಕು ಉತ್ತರ ಬಂದ್ವು. ಬಿಳಿ ಮಷೀನು 23.8 ಪರ್ಸೆಂಟ್ ಅಂತು, ಕರಿ ಮಷೀನು 26.4, ದರ್ಜಿ ಟೇಪು 22.9, ಕಡೀಕ ಎಕ್ಸ್‌ರೇಲೆ ಮೈಯಾಗಿನ ಕೊಬ್ಬು ಅಳಿಯೋ ಡೆಕ್ಸಾ ಸ್ಕ್ಯಾನ್ ಮಾಡಿಸಿದ್ರ 28.6. ಅವ್ವ ಮಾತ್ರ ಏನೂ ಅಳತಿ ಮಾಡದನ "ಅಷ್ಟ ದೊಡ್ಡ ಹೊಟ್ಟಿ ಕಣ್ಣಿಗೆ ಕಾಣಾಕತ್ತೈತಿ, ಅದಕ್ಕ ಮಷೀನ್ ಯಾಕ ಬೇಕೋ ತಮ್ಮಾ" ಅಂದ್ಲು.

ನಾನಿರೋದು ಪುಣೆದಾಗ, ಕೋಥ್ರೂಡ ಕಡೆ, ಊರು ಧಾರವಾಡ. ಕೆಲಸ ಹಿಂಜವಡಿದಾಗ, ಹೋಗಿ ಬರೋದು ಅಂತ ಬಸ್ಸಿನ್ಯಾಗ ದಿನಾ ಮೂರು ತಾಸು ಕುಂಡ್ರೋದು, ಆಮ್ಯಾಲ ಆಫೀಸಿನ್ಯಾಗ ಮತ್ತ ಕುಂಡ್ರೋದು. ಎತ್ತರ 170 ಸೆಂಮೀ, ಶುರು ಮಾಡಿದಾಗ ತೂಕ 74 ಕೆಜಿ. ನೋಡಿದವ್ರು ಯಾರೂ ದಪ್ಪ ಅನ್ನೂದಿಲ್ಲ, ಕೈಕಾಲು ಸಣ್ಣ, ಹೊಟ್ಟಿ ಒಂದ ಮುಂದ.

ಬಿಳೀದು 1,300 ರೂಪಾಯಿದು, ಬರೇ ಕಾಲಿಟ್ಟು ನಿಂದ್ರೋದು. ಕರೀದು ಆರು ಸಾವಿರದ ಹತ್ರ, ಅದಕ್ಕ ವಾಯರ್ ಹಚ್ಚಿದ ಹಿಡಿಕಿ ಬೇರೆ ಇರ್ತೈತಿ, ಕೈಯಾಗ ಹಿಡ್ಕೊಂಡು ನಿಂದ್ರಬೇಕು. ಎರಡೂ ಮಾಡೂದು ಒಂದ. ಸ್ಟೀಲ್ ಪಟ್ಟಿಯಿಂದ ನಮಗ ಗೊತ್ತಾಗದಷ್ಟು ಸಣ್ಣ ಕರೆಂಟ್ ಬಿಡ್ತಾವು, ಸ್ನಾಯುದಾಗ ನೀರು ಜಾಸ್ತಿ ಅದಕ್ಕ ಕರೆಂಟ್ ಸಲೀಸಾಗಿ ಹೋಗ್ತೈತಿ, ಕೊಬ್ಬು ತಡೀತೈತಿ, ಆ ತಡೆ ಎಷ್ಟು ಅಂತ ಅಳೀತಾವು. ಅಷ್ಟ. ಕೊಬ್ಬನ್ನ ಯಾವ ಮಷೀನೂ ನೋಡಿರೂದಿಲ್ಲ. ತಡೆದ ಲೆಕ್ಕದ ಜೊತಿ ನಿಮ್ಮ ತೂಕ, ಎತ್ತರ, ವಯಸ್ಸು, ಗಂಡೋ ಹೆಣ್ಣೋ ಅನ್ನೂದು ಹಾಕಿ ಒಂದು ಸೂತ್ರದಾಗ ತಿರುವಿ ಪರ್ಸೆಂಟ್ ಹೊರಗ ಹಾಕ್ತಾವು.

ಇದು ಖರೇ ಅಂತ ತಿಳೀಬೇಕಂದ್ರ ಒಂದು ಆಟ ಆಡ್ರಿ. ನಾನು ಬಿಳಿ ಮಷೀನಿನ ಆ್ಯಪಿನ್ಯಾಗ ಗಂಡು ಅಂತ ಇದ್ದದ್ದನ್ನ ಹೆಣ್ಣು ಅಂತ ಮಾಡಿ ಅದ ಕಾಲಿಟ್ಟು ನಿಂತೆ, 31ಕ್ಕ ಏರ್ತು. ಅಥ್ಲೀಟ್ ಅನ್ನೋ ಬಟನ್ ಒತ್ತಿದೆ, 18ಕ್ಕ ಇಳೀತು. ಎರಡು ನಿಮಿಷದಾಗ ಒಂದು ಗ್ರಾಂ ಕೊಬ್ಬೂ ಕರಗಿಲ್ಲ, ಆದ್ರ 13 ಪರ್ಸೆಂಟ್ ಫರಕ್! ಹೆಂಡತಿ ನೋಡಿ ನಕ್ಕು "ಅಥ್ಲೀಟ್ ಅಂತನ ಇಟ್ಕೊಳ್ರಿ, ಮನಸಿಗೆ ಸಮಾಧಾನ" ಅಂದ್ಲು.

ಇನ್ನ ಬಿಳೀದ್ರ ದೊಡ್ಡ ಕುಂದು ಏನಂದ್ರ ಕರೆಂಟ್ ಒಂದು ಕಾಲಾಗ ಹತ್ತಿ ಇನ್ನೊಂದು ಕಾಲಾಗ ಇಳದು ಹೋಗ್ತೈತಿ, ಹೊಟ್ಟಿ ಕಡೆ ಹಾಯೂದು ಕಡಿಮಿ. ನನ್ನಂಥವ್ರದು ಎಲ್ಲಾ ಇರೋದು ಹೊಟ್ಟ್ಯಾಗ. ಕಾಲು ಸಪೂರ ಅದಾವಂತ ಮಷೀನು ಇಡೀ ಮೈ ಸಪೂರ ಅಂದ್ಕೊಂತೈತಿ. ಕರೀದು ಕೈಯಿಂದನೂ ಕರೆಂಟ್ ಬಿಡೂದ್ರಿಂದ ಅದು ಎದಿ ಹೊಟ್ಟಿ ದಾಟಿ ಹೋಗ್ತೈತಿ, ಅದಕ್ಕ ಡೆಕ್ಸಾಕ್ಕ ಹತ್ರ ಬಂತು ಅನ್ಸತೈತಿ. ಆದ್ರ ಕರೀದ್ರ ಕಾಟ ಬೇರೆ. ಕೈ ಮೈಗೆ ತಾಗಿದ್ರ ಕರೆಂಟ್ ಅಡ್ಡದಾರಿ ಹಿಡೀತೈತಿ, ರೀಡಿಂಗ್ ಹಾಳು. ಒಮ್ಮೆ ಕೈ ದೂರ ಚಾಚಿ, ಒಮ್ಮೆ ಬಗಲಿಗೆ ಹಚ್ಚಿ, ಒಮ್ಮೆ ಹಿಡಿಕಿ ಸಡಿಲ ಹಿಡದು ನೋಡಿದೆ, ಐದು ನಿಮಿಷದಾಗ 24ರಿಂದ 27ರ ತನಕ ಎಲ್ಲಾ ಬಂತು. ಬಿಳೀದು ಹಂಗಲ್ಲ, ತಪ್ಪು ಹೇಳ್ತೈತಿ ಆದ್ರ ದಿನಾ ಅದ ತಪ್ಪನ್ನ ಹೇಳ್ತೈತಿ.

ದಿನಾ ಅಂದ್ರ ಹೊತ್ತು ಒಂದ ಇರಬೇಕು ಮತ್ತ. ಮುಂಜಾನೆ ಎದ್ದ ಕೂಡ್ಲೆ ನಿಂತ್ರ ಜಾಸ್ತಿ ತೋರಿಸ್ತೈತಿ, ಸಂಜಿಮುಂದ ಆಫೀಸಿನಿಂದ ಬಂದು ನಿಂತ್ರ ಕಡಿಮಿ, ನನಗ ಒಂದೂವರಿ ಪರ್ಸೆಂಟ್ ಫರಕ್ ಬಂತು. ರಾತ್ರಿಯೆಲ್ಲಾ ನೀರು ಕುಡಿದಿರೂದಿಲ್ಲ, ಸಂಜಿಕ್ಕ ಕುಂತು ಕುಂತು ಕಾಲಿಗೆ ನೀರು ಇಳದಿರ್ತೈತಿ, ಕಾಲಾಗ ನೀರಿದ್ರ ತಡೆ ಕಡಿಮಿ, ಮಷೀನಿಗೆ ಅದ ಕೊಬ್ಬು ಕಡಿಮಿ. ಒಂದು ಆದಿತ್ಯವಾರ ಸಿಂಹಗಡ ಹತ್ತಿ, ಮ್ಯಾಲ ಪಿಠಲಾ ಭಾಕರಿ, ಮಡಕಿ ಮೊಸರು ತಿಂದು, ಇಳದು ಮನಿಗೆ ಬಂದು ಬೆವರಗಾಲಿನ್ಯಾಗ ನಿಂತೆ, 21.5 ಬಂತು. ಕುಣದಾಡಿದೆ. ಮರುದಿನ ಮುಂಜಾನೆ ಮತ್ತ 23.9. ಮೈ ಬಿಸಿ ಇದ್ದಾಗ, ಪಾದ ಒದ್ದಿ ಇದ್ದಾಗ ಹಿಂಗ ಆಗ್ತೈತಿ. ಅವ್ವಂದು ಉಲ್ಟಾ, ಹಿಮ್ಮಡಿ ಒಡದು ಪಾದ ಒಣಗಿ ಹಪ್ಪಳ ಆಗೈತಿ, ಎಷ್ಟು ಸಲ ನಿಂತ್ರೂ ಕೊಬ್ಬಿನ ಲೆಕ್ಕ ಬರವಲ್ದು, ಹಸಿ ಅರಬಿಲೆ ಒರಸ್ಕೊಂಡು ನಿಂತ ಮ್ಯಾಲ ಬಂತು.

ನಡುವ ಒಂದು ಮಾತು. ಬಾಜೂ ಮನಿ ಕಾಕಾ ಬಂದು "ನಂದೂ ನೋಡು" ಅಂತ ಚಪ್ಪಲ್ ಬಿಚ್ಚಿ ನಿಂದ್ರಾಕ ಹತ್ತಿದ್ರು, ಅವ್ರಿಗೆ ಪೇಸ್‌ಮೇಕರ್ ಐತಿ. ಓಡಿಹೋಗಿ ತಡದೆ. ಪೇಸ್‌ಮೇಕರ್ ಇದ್ದವ್ರು ಇಂಥಾದ್ರ ಮ್ಯಾಲ ನಿಂದ್ರಬಾರ್ದು ಅಂತ ಡಬ್ಬಿ ಒಳಗಿನ ಚೀಟಿಯಾಗ ಬರದಿರ್ತಾರ, ಬಸರಿದ್ದವ್ರಿಗೂ ಬ್ಯಾಡ ಅಂತಾರ, ಆ ಚೀಟಿ ಯಾರೂ ಓದೂದಿಲ್ಲ. ಕಾಕಾಗ ಹಳೇ ಮುಳ್ಳಿನ ಮಷೀನ್ ಕೊಟ್ಟೆ.

ಟೇಪಿನ ಲೆಕ್ಕ ಪುಕ್ಕಟೆ. ಅಮೆರಿಕದ ನೌಕಾಪಡೆಗಂತ 1984ರಾಗ ಹಾಡ್ಜ್‌ಡನ್ ಮತ್ತ ಬೆಕೆಟ್ ಅನ್ನೋವ್ರು ಮಾಡಿದ ಸೂತ್ರ, ಗಂಡಸರಿಗೆ ಕುತ್ತಿಗಿ, ಹೊಕ್ಕಳ ಮಟ್ಟದ ಹೊಟ್ಟಿ ಸುತ್ತಳತಿ, ಎತ್ತರ ಅಷ್ಟ ಸಾಕು. ನಂದು ಹೊಟ್ಟಿ 92, ಕುತ್ತಿಗಿ 38, ಬಂದದ್ದು 22.9. ಟೇಪು ಎರಡು ಸೆಂಮೀ ಸಡಿಲ ಹಿಡದು 94 ಅಂತ ಹಾಕಿದ್ರ 24.3 ಬರ್ತೈತಿ, ಅಂದ್ರ ಒಬ್ಬರ ಕೈಲೇ ಅಳತಿ ಆಗಬೇಕು, ಉಸಿರು ಎಳಕೊಂಡು ನಿಂದ್ರಬಾರ್ದು (ಇದು ನನಗ ನಾನ ಹೇಳ್ಕೊಂಡದ್ದು).

ಡೆಕ್ಸಾಕ್ಕ ಎರಡೂವರಿ ಸಾವಿರ ಹೋತು. ಫೋನ್ ಮಾಡಿ ಮೊದಲ ಕೇಳ್ರಿ, ಭಾಳ ಕಡೆ ಬರೇ ಎಲುಬಿನ ಸಾಂದ್ರತೆ ನೋಡಾಕ ಬೆನ್ನು, ಸೊಂಟ ಅಷ್ಟ ಸ್ಕ್ಯಾನ್ ಮಾಡ್ತಾರ, ಇಡೀ ಮೈದು ಬಾಡಿ ಕಾಂಪೊಸಿಷನ್ ಬೇಕು ಅಂತ ಬಿಡಿಸಿ ಹೇಳಬೇಕು. ನಾನು ಹಂಗ ಹೋಗಿ ಒಮ್ಮೆ ವಾಪಸ್ ಬಂದೀನಿ. ಮೇಜಿನ ಮ್ಯಾಲ ಅಂಗಾತ ಮಲಗೋದು, ಬೆಲ್ಟ್, ಉಂಗುರ ತಗಿಯೋದು, ಮ್ಯಾಲೊಂದು ತೋಳು ನಿಧಾನಕ್ಕ ತಲಿಯಿಂದ ಕಾಲಿನ ತನಕ ಸರೀತೈತಿ. ಎರಡು ಥರದ ಎಕ್ಸ್‌ರೇ ಬಿಟ್ಟು ಎಲುಬು, ಕೊಬ್ಬು, ಉಳಿದದ್ದು ಅಂತ ಬ್ಯಾರೆ ಬ್ಯಾರೆ ಮಾಡ್ತಾರ, ಎಕ್ಸ್‌ರೇ ಪ್ರಮಾಣ ಭಾಳ ಕಡಿಮಿ. ರಿಪೋರ್ಟಿನ್ಯಾಗ ಕೈ, ಕಾಲು, ನಡು ಎಲ್ಲಾದಕ್ಕೂ ಬ್ಯಾರೆ ಲೆಕ್ಕ. ನನ್ನ ನಡುವಿಂದು ನೋಡಿ ಬಾಯಿ ಬಂದ್ ಆತು.

ಇದ ಪುಣೆದಾಗ ಕೆಇಎಂ ಆಸ್ಪತ್ರಿಯ ಡಾಕ್ಟರ್ ಯಾಜ್ಞಿಕ್ ಅನ್ನೋವ್ರು ಲಂಡನ್ನಿನ ಯುಡ್ಕಿನ್ ಅನ್ನೋವ್ರ ಜೊತಿ 2004ರಾಗ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕಿಯಾಗ ತಮ್ಮಿಬ್ಬರದ ಒಂದು ಫೋಟೋ ಹಾಕಿದ್ರು, ವೈ-ವೈ ಪ್ಯಾರಡಾಕ್ಸ್ ಅಂತ (ಇಬ್ಬರ ಹೆಸರೂ ಇಂಗ್ಲಿಷಿನ್ಯಾಗ ವೈ ಅಕ್ಷರದಿಂದ ಶುರು). ಇಬ್ಬರ ಬಿಎಂಐನೂ (ಎತ್ತರಕ್ಕ ತೂಕ ಎಷ್ಟು ಅನ್ನೋ ಲೆಕ್ಕ) 22.3, ಆದ್ರ ಡೆಕ್ಸಾದಾಗ ಯುಡ್ಕಿನ್ ಅವ್ರ ಕೊಬ್ಬು 9.1 ಪರ್ಸೆಂಟ್, ಯಾಜ್ಞಿಕ್ ಅವ್ರದು 21.2. ನಮ್ಮ ಮಂದಿ ಮೈಕಟ್ಟು ಬ್ಯಾರೆ, ಬ್ಯಾರೆ ಮಂದಿ ಮ್ಯಾಲ ಕಟ್ಟಿದ ಸೂತ್ರ ನಮಗ ಹಚ್ಚಿದ್ರ ಕಡಿಮಿ ಬರೂದ್ರಾಗ ಆಶ್ಚರ್ಯ ಏನೈತಿ.

ನಾಕು ತಿಂಗಳ ಬಿಟ್ಟು, ವಾರದಾಗ ಮೂರು ಸಲ ವೇತಾಳ ಟೇಕಡಿ ಹತ್ತಿ, ಡಂಬೆಲ್ಸ್ ಎತ್ತಿ, ಎಲ್ಲಾ ಮತ್ತ ಮಾಡಿದೆ. ತೂಕ 71.6. ಡೆಕ್ಸಾ 28.6ರಿಂದ 25.9ಕ್ಕ ಬಂತು. ಟೇಪು 22.9ರಿಂದ 20.4, ಮೊತ್ತ ತಪ್ಪಿದ್ರೂ ಇಳಿಕಿ ಹತ್ರ ಹತ್ರ ಬರೋಬ್ಬರಿ. ಬಿಳೀದು 22.9ಕ್ಕ ಬಂದು ನಿಂತು, ಇಳಿಕಿ ಹಿಡೀತು ಆದ್ರ ಕಂಜೂಸ್‌ತನ ಮಾಡ್ತು. ಕರೀದು ಆ ವಾರ 23, 25, 26 ಅಂತ ಜಿಗದಾಡ್ತು, ಯಾವುದನ್ನ ನಂಬಬೇಕು ಹೇಳ್ರಿ. ಡೆಕ್ಸಾಕ್ಕ ಹತ್ರ ಇದ್ದದ್ದು ಅದ, ಆದ್ರ ಕೈ ಬಿಟ್ಟದ್ದೂ ಅದನ್ನ.

ಈಗ ಬಿಳೀದು ಬಾಥ್‌ರೂಮಿನ ಬಾಗಿಲ ಹತ್ರ ಐತಿ, ಆದಿತ್ಯವಾರ ಮುಂಜಾನೆ ಚಹಾಕ್ಕ ಮೊದಲ ಒಮ್ಮೆ ನಿಂದ್ರೋದು, ಜೊತಿಗೆ ಟೇಪು. ಕರೀದನ್ನ ಬೆಳಗಾವಿದಾಗಿನ ಹೆಂಡತಿ ತಮ್ಮಗ ಕೊಟ್ಟೆ. ಮೊನ್ನೆ ಫೋನ್ ಮಾಡಿ "ಮಾಮಾ, ನಂದು ಬರೇ 17 ಬಂದೈತಿ!" ಅಂತ ಭಾಳ ಖುಷಿಲೆ ಹೇಳಿದ. ಅಥ್ಲೀಟ್ ಬಟನ್ ಒತ್ತೀ ಏನೋ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಾಗಿ, "ಸಣ್ಣಾಂವ ಇದ್ದಾಗ ಖೋಖೋ ಆಡ್ತಿದ್ನಲ್ಲಾ" ಅಂದ.