ವಿಂಡೋಸ್‌ನ ಎಂಎಸ್‌ಜಿ ಕಮಾಂಡ್: ಒಮ್ಮೆ ದಾರಿಗೆ ಬಂದರೆ ಮನೆಗೆ ಇಷ್ಟೇ ಸಾಕು

ಒಂದು ಕಂಪ್ಯೂಟರ್‌ನಿಂದ ಇನ್ನೊಂದರ ಸ್ಕ್ರೀನ್ ಮೇಲೆ ಚಿಕ್ಕ ಸಂದೇಶ ತೋರಿಸುವ ಕಮಾಂಡ್ ಇದು. ಮೊದಲೇ ಹೇಳಿಬಿಡುತ್ತೇನೆ, ನನ್ನ ಲೆಕ್ಕದಲ್ಲಿ ಇದಕ್ಕೆ 5ಕ್ಕೆ 4. ಕಡಿಮೆಯಾದ ಆ ಒಂದು ಪೂರ್ತಿ ಅದರ ಎರರ್ ಮೆಸೇಜಿಗೆ. ದುಡ್ಡು ಕೊಡಬೇಕಾಗಿಲ್ಲ, ಏನೂ ಡೌನ್‌ಲೋಡ್ ಮಾಡಬೇಕಾಗಿಲ್ಲ, ಇಂಟರ್‌ನೆಟ್ ಹೋದರೂ ಕೆಲಸ ಮಾಡುತ್ತದೆ. ವಿಂಡೋಸ್ ಪ್ರೊ ಇರುವ ಎರಡು ಕಂಪ್ಯೂಟರ್ ಮನೆಯಲ್ಲಿದ್ದರೆ ಇದು ಆಗಲೇ ನಿಮ್ಮಲ್ಲಿ ಉಂಟು, ಸಿಸ್ಟಂ32 ಫೋಲ್ಡರ್ ಒಳಗೆ ಸುಮ್ನೆ ಕೂತಿದೆ.

ನಮ್ಮದು ಉಡುಪಿಯ ಕುಂಜಿಬೆಟ್ಟಿನಲ್ಲಿ ಹಳೇ ಮನೆ. ಕೆಳಗಿನ ಕೋಣೆಯಲ್ಲಿ ಮಾವನ ಲೆಕ್ಕಪತ್ರದ ಕೆಲಸ, ಮಹಡಿಯಲ್ಲಿ ನನ್ನ ಡಿಟಿಪಿ. ಮದುವೆ ಕಾಗದ, ಕೋಲದ ಆಮಂತ್ರಣ, ಬ್ರಹ್ಮಕಲಶದ ಪತ್ರಿಕೆ, ಇಂಥದ್ದೇ. ಪಾರ್ಟಿಗಳು ಬರುವುದು ಕೆಳಗೆ. ಮಾವ ಜಿಎಸ್‌ಟಿ ರಿಟರ್ನ್ ಹಾಕುವಾಗ, ಅಂದರೆ 11 ಮತ್ತು 20ನೇ ತಾರೀಕು ಹತ್ತಿರ ಬಂದಾಗ, ಫೋನ್ ಸೈಲೆಂಟ್ ಮಾಡಿ ಡ್ರಾಯರಿಗೆ ಹಾಕುತ್ತಾರೆ. ಮೆಟ್ಟಿಲ ಬುಡದಿಂದ ಕರೆಯೋಣ ಅಂದರೆ ಮಳೆಗಾಲದಲ್ಲಿ ಶೀಟಿನ ಮೇಲೆ ನೀರು ಬೀಳುವ ಸದ್ದಿಗೆ ಏನೂ ಕೇಳುವುದಿಲ್ಲ. ಇಬ್ಬರೂ ಇಡೀ ದಿನ ನೋಡುವುದು ಸ್ಕ್ರೀನ್ ಮಾತ್ರ. ಹಾಗಾದರೆ ಸ್ಕ್ರೀನ್ ಮೇಲೆಯೇ ಹೇಳಿದರೆ ಆಯ್ತಲ್ವಾ?

ಅದಕ್ಕೆ ಇರುವುದು ಈ ಕಮಾಂಡ್. ಕಮಾಂಡ್ ಪ್ರಾಂಪ್ಟ್, ಅಂದರೆ ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿ, ತೆರೆದು ಹೀಗೆ ಬರೆದರೆ ಆಯ್ತು (ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ):

ಎಂಎಸ್‌ಜಿ * /ಸರ್ವರ್:ಆಫೀಸ್ /ಟೈಮ್:300 ಊಟ ರೆಡಿ ಮಾವ

ಆಫೀಸ್ ಎಂಬುದು ಮಾವನ ಕಂಪ್ಯೂಟರ್‌ನ ಹೆಸರು, 300 ಅಂದರೆ ಮೆಸೇಜ್ ಎಷ್ಟು ಸೆಕೆಂಡ್ ಸ್ಕ್ರೀನ್ ಮೇಲೆ ಇರಬೇಕು ಎಂದು. ಎಂಟರ್ ಒತ್ತಿದ ಕೂಡಲೇ ಆ ಕಡೆಯ ಸ್ಕ್ರೀನ್ ನಡುವೆ ಒಂದು ಚಿಕ್ಕ ಬೂದು ಪೆಟ್ಟಿಗೆ. ಅದರ ನೆತ್ತಿಯಲ್ಲಿ ಕಳಿಸಿದವರ ಯೂಸರ್ ಹೆಸರು, ತಾರೀಕು, ಗಂಟೆ. ಕೆಳಗೆ ನಾವು ಬರೆದ ಸಾಲು, ಒಂದು ಓಕೆ ಬಟನ್. ಅಷ್ಟೇ. ಮಾವ ಎಕ್ಸೆಲ್‌ನಲ್ಲಿದ್ದರೂ, ಪೋರ್ಟಲ್‌ನಲ್ಲಿದ್ದರೂ ಕಣ್ಣಿಗೆ ಬೀಳುತ್ತದೆ. ಮೊದಲ ಸಲ ಬಂದಾಗ ಕೆಳಗಿಂದ "ಇದೆಂತ ಮಾರಾಯ್ತಿ, ನಿನ್ನ ಹೆಸರು ಬಂತು ಇದರಲ್ಲಿ!" ಎಂದು ಕೂಗಿದ್ದರು. ಈಗ ನನಗಿಂತ ಜಾಸ್ತಿ ಅವರೇ ಕಳಿಸುತ್ತಾರೆ.

ಇದರ ಅಣ್ಣನನ್ನು ಹಳಬರು ಬಲ್ಲರು: ನೆಟ್ ಸೆಂಡ್. ವಿಂಡೋಸ್ 2000, ಎಕ್ಸ್‌ಪಿ ಕಾಲದಲ್ಲಿ ಸೈಬರ್ ಕೆಫೆಯಲ್ಲಿ ಒಂದು ಸೀಟಿನಿಂದ ಇನ್ನೊಂದು ಸೀಟಿಗೆ ಮೆಸೇಜ್ ಕಳಿಸುತ್ತಿದ್ದದ್ದು ಅದರಲ್ಲೇ. ಅದರ ಹಿಂದೆ ಮೆಸೆಂಜರ್ ಎಂಬ ಸರ್ವಿಸ್ ಓಡುತ್ತಿತ್ತು. ಜಾಹೀರಾತಿನವರು ಅದೇ ಬಾಗಿಲಿನಿಂದ ಸ್ಪ್ಯಾಮ್ ಪಾಪ್‌ಅಪ್ ನುಗ್ಗಿಸತೊಡಗಿದ್ದರಿಂದ 2004ರಲ್ಲಿ ಬಂದ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2ರಲ್ಲಿ ಆ ಸರ್ವಿಸ್ ಬಂದ್ ಆಗಿಯೇ ಬಂತು. ವಿಸ್ಟಾದಲ್ಲಿ ಪೂರ್ತಿ ತೆಗೆದುಹಾಕಿದರು. ಈಗಲೂ ಎಷ್ಟೋ ಜನ ನೆಟ್ ಸೆಂಡ್ ಹೊಡೆದು ಬರುವುದಿಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಅದು ಇಲ್ಲ, ಬಿಟ್ಟುಬಿಡಿ. ಎಂಎಸ್‌ಜಿ ಬೇರೆಯೇ ವಸ್ತು. ಟರ್ಮಿನಲ್ ಸರ್ವರ್‌ಗೆ, ಅಂದರೆ ಹಲವರು ದೂರದಿಂದ ಒಟ್ಟಿಗೆ ಬಳಸುವ ಒಂದು ಕಂಪ್ಯೂಟರ್‌ಗೆ, ಲಾಗಿನ್ ಆದವರಿಗೆ "ಸರ್ವರ್ ಬಂದ್ ಮಾಡುತ್ತೇವೆ, ಕೆಲಸ ಸೇವ್ ಮಾಡಿ" ಎಂದು ತಿಳಿಸುವುದಕ್ಕೆ ಮಾಡಿದ್ದು. ಮನೆಯ ಕಂಪ್ಯೂಟರ್‌ನಲ್ಲಿ ಅದು ಯಾಕೆ ಸುಲಭಕ್ಕೆ ಓಡುವುದಿಲ್ಲ ಎಂಬುದಕ್ಕೆ ಕಾರಣವೂ ಈ ಹುಟ್ಟಿನಲ್ಲೇ ಇದೆ.

ಇನ್ನು ಸರಿಮಾಡುವ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಏಕೆಂದರೆ ಜನ ಕೈಬಿಡುವುದು ಇಲ್ಲೇ. ಪೇಟೆಯ ಒಂದು ಅಂಗಡಿಯವರು ನಮಗೆ ವಿಂಡೋಸ್ ಮತ್ತೆ ಹಾಕಬೇಕು ಅಂದಿದ್ದರು. ಅದರ ಅಗತ್ಯ ಖಂಡಿತ ಇಲ್ಲ.

ಮೊದಲು ನಿಮ್ಮ ಕಂಪ್ಯೂಟರ್‌ಗೆ ನೀವೇ ಕಳಿಸಿ ನೋಡಿ. ಸರ್ವರ್ ಭಾಗ ಬಿಟ್ಟು ಬರೀ ಎಂಎಸ್‌ಜಿ, ಸ್ಟಾರ್, ಒಂದು ಶಬ್ದ. ಪೆಟ್ಟಿಗೆ ಬಂತಾ? ಸರಿ. ಇಂಥ ಕಮಾಂಡೇ ಗೊತ್ತಿಲ್ಲ ಎಂದು ಹೇಳಿತಾ? ನಿಮ್ಮದು ಹೋಮ್ ಎಡಿಷನ್. ಅದರಲ್ಲಿ ಈ ಫೈಲೇ ಇರುವುದಿಲ್ಲ, ಪ್ರೊ, ಎಂಟರ್‌ಪ್ರೈಸ್‌ನಂಥ ಎಡಿಷನ್‌ಗಳಲ್ಲಿ ಇರುತ್ತದೆ. ಬೇರೆ ಕಂಪ್ಯೂಟರ್‌ನಿಂದ ಆ ಫೈಲ್ ಕಾಪಿ ಮಾಡಿ ತಂದು ಹಾಕುವ ಸಲಹೆ ಅಲ್ಲಲ್ಲಿ ಸಿಗುತ್ತದೆ, ನಾನು ಅದನ್ನು ಒಪ್ಪುವುದಿಲ್ಲ. ಇನ್ನೊಂದು, ಆ ಸ್ಟಾರ್ ಅಂದರೆ ನೆಟ್‌ವರ್ಕ್‌ನ ಎಲ್ಲ ಕಂಪ್ಯೂಟರ್‌ಗಳು ಎಂದು ತುಂಬಾ ಜನ ತಿಳಿಯುತ್ತಾರೆ. ಹಾಗಲ್ಲ. ಆ ಒಂದು ಕಂಪ್ಯೂಟರ್‌ನಲ್ಲಿ ಲಾಗಿನ್ ಆಗಿರುವ ಎಲ್ಲರೂ ಎಂದು ಅರ್ಥ. ನಾಲ್ಕು ಕಂಪ್ಯೂಟರ್‌ಗೆ ಹೋಗಬೇಕಾದರೆ ನಾಲ್ಕು ಸಲ ಕಳಿಸಬೇಕು, ಇಲ್ಲವೇ ಕಮಾಂಡ್‌ಗಳನ್ನು ಬರೆದಿಟ್ಟು ಒಟ್ಟಿಗೆ ಓಡಿಸುವ ಬ್ಯಾಚ್ ಫೈಲ್ ಮಾಡಿಕೊಳ್ಳಬೇಕು.

ಆಮೇಲೆ ದಾರಿ ಇದೆಯಾ ನೋಡಬೇಕು. ನಮ್ಮ ಊರಿನ ಮನೆಗಳಲ್ಲಿ ನಿಜವಾದ ತೊಂದರೆ ಇಲ್ಲಿರುತ್ತದೆ. ಮುರಕಲ್ಲಿನ ದಪ್ಪ ಗೋಡೆ, ಕೆಳಗಿನ ವೈಫೈ ಮೇಲಕ್ಕೆ ಏರುವುದಿಲ್ಲ. ಹಾಗಾಗಿ ಫೈಬರ್‌ನವರು ಕೊಟ್ಟ ಡಬ್ಬಿಯಿಂದ ಒಂದು ಕೇಬಲ್ ಎಳೆದು ಮಹಡಿಯಲ್ಲಿ ಇನ್ನೊಂದು ರೌಟರ್ ಹಾಕುತ್ತೇವೆ. ಇಂಟರ್‌ನೆಟ್ ಎರಡೂ ಕಡೆ ಚೆನ್ನಾಗಿ ಬರುತ್ತದೆ, ಯಾರಿಗೂ ಏನೂ ಅನಿಸುವುದಿಲ್ಲ. ಆದರೆ ಐಪಿಕಾನ್ಫಿಗ್ ಎಂಬ ಕಮಾಂಡ್ ಹೊಡೆದು ಕಂಪ್ಯೂಟರ್‌ಗಳ ಐಪಿ ನಂಬರ್, ಅಂದರೆ ನೆಟ್‌ವರ್ಕ್ ವಿಳಾಸ, ನೋಡಿದರೆ ಕೆಳಗಿನದು 192.168.1ರಿಂದ ಶುರು, ಮೇಲಿನದು 192.168.0ರಿಂದ. ಎರಡು ಬೇರೆ ಬೇರೆ ನೆಟ್‌ವರ್ಕ್. ಆಗ ಒಂದು ವಿಚಿತ್ರ ಆಗುತ್ತದೆ: ಮೇಲಿನಿಂದ ಕೆಳಗಿನ ಕಂಪ್ಯೂಟರ್‌ನ ಐಪಿ ನಂಬರಿಗೆ ಪಿಂಗ್ ಮಾಡಿದರೆ (ಇದ್ದೀಯಾ ಎಂದು ಕೇಳುವ ಕಮಾಂಡ್ ಅದು) ಉತ್ತರ ಬರುತ್ತದೆ, ಕೆಳಗಿನಿಂದ ಮೇಲಕ್ಕೆ ಏನು ಮಾಡಿದರೂ ಬರುವುದಿಲ್ಲ. ಹೊರಗಿನಿಂದ ಬರುವುದನ್ನು ತಡೆಯುವುದು ರೌಟರ್‌ನ ಸ್ವಭಾವ, ಮತ್ತು ಮಹಡಿಯ ರೌಟರ್‌ಗೆ ನಮ್ಮ ಮಾವನೂ ಹೊರಗಿನವರೇ. "ಪಾರ್ಟಿ ಬಂದಿದ್ದಾರೆ, ಪ್ರೂಫ್ ತೆಗೆದುಕೊಂಡು ಬಾ" ಎಂದು ಅವರು ಕಳಿಸಿದ್ದು ಒಂದೂ ನನಗೆ ಮುಟ್ಟುತ್ತಿರಲಿಲ್ಲ.

ಇದಕ್ಕೆ ಹೊಸ ರೌಟರ್ ಬೇಡ. ಮೇಲಿನ ರೌಟರ್‌ನ ಸೆಟ್ಟಿಂಗ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ಬೇರೆ ನೆಟ್‌ವರ್ಕ್ ಮಾಡದೆ ಕೆಳಗಿನದನ್ನೇ ಮುಂದುವರಿಸುವ ಆಯ್ಕೆ) ಇದ್ದರೆ ಅದನ್ನು ಆರಿಸಿ. ಇಲ್ಲದಿದ್ದರೆ ಅದರ ಡಿಎಚ್‌ಸಿಪಿ, ಅಂದರೆ ಐಪಿ ನಂಬರ್ ಹಂಚುವ ಕೆಲಸ, ಆಫ್ ಮಾಡಿ, ಅದರ ಸ್ವಂತ ವಿಳಾಸವನ್ನು ಕೆಳಗಿನ ನೆಟ್‌ವರ್ಕ್‌ನ ಖಾಲಿ ನಂಬರಿಗೆ ಬದಲಿಸಿ, ಕೇಬಲನ್ನು ವ್ಯಾನ್ ಪೋರ್ಟ್‌ನಿಂದ (ಹೊರಗಿನ ಇಂಟರ್‌ನೆಟ್‌ಗಿರುವ ತೂತು) ಕಿತ್ತು ಲ್ಯಾನ್ ಪೋರ್ಟ್‌ಗೆ (ಮನೆಯೊಳಗಿನ ಕಂಪ್ಯೂಟರ್‌ಗಿರುವ ತೂತು) ಚುಚ್ಚಿ. ಇಡೀ ಮನೆ ಒಂದೇ ನೆಟ್‌ವರ್ಕ್ ಆಗುತ್ತದೆ. ಪ್ರಿಂಟರ್ ಕೂಡ ಎರಡೂ ಕಡೆಯಿಂದ ಸಿಗತೊಡಗುತ್ತದೆ, ಅದೊಂದು ದೊಡ್ಡ ಉಪಕಾರ. ಗೆಸ್ಟ್ ವೈಫೈಗೆ ಸೇರಿದ ಕಂಪ್ಯೂಟರ್ ಇದ್ದರೆ ಅದನ್ನೂ ಬದಲಿಸಿ, ಗೆಸ್ಟ್‌ನಲ್ಲಿ ಸಾಮಾನ್ಯವಾಗಿ ಒಬ್ಬರಿಗೊಬ್ಬರು ಕಾಣದ ಹಾಗೆ ಕಟ್ಟಿರುತ್ತಾರೆ.

ದಾರಿ ಸರಿಯಾದ ಮೇಲೆ ಬಾಗಿಲು. ಎರರ್ 1722 ಬಂದರೆ ಆರ್‌ಪಿಸಿ ಸರ್ವರ್, ಅಂದರೆ ದೂರದಿಂದ ಬರುವ ಕೋರಿಕೆಗೆ ಉತ್ತರಿಸುವ ಆ ಕಡೆಯ ವಿಂಡೋಸ್ ಭಾಗ, ಸಿಗಲಿಲ್ಲ ಎಂದರ್ಥ. ಹೆಚ್ಚಾಗಿ ಫೈರ್‌ವಾಲ್ (ಹೊರಗಿನಿಂದ ಬರುವುದನ್ನು ತಡೆಯುವ ವಿಂಡೋಸ್‌ನ ಕಾವಲು), ಇಲ್ಲವೇ ಆ ಕಂಪ್ಯೂಟರ್ ನಿದ್ದೆಯಲ್ಲಿದೆ, ಇಲ್ಲವೇ ಹೆಸರು ತಪ್ಪಾಗಿದೆ. ಹೆಸರು ಯಾವುದು ಅಂತ ಅನುಮಾನವಿದ್ದರೆ ಆ ಕಂಪ್ಯೂಟರ್‌ನಲ್ಲಿ ಹೋಸ್ಟ್‌ನೇಮ್ ಎಂದು ಹೊಡೆಯಿರಿ, ಹೇಳುತ್ತದೆ. ಹೊಸ ರೌಟರ್ ಹಾಕಿದಾಗ ವಿಂಡೋಸ್ ಅದನ್ನು ಪಬ್ಲಿಕ್ ನೆಟ್‌ವರ್ಕ್ ಎಂದು ಇಟ್ಟುಕೊಂಡಿರುವುದು ತುಂಬಾ ಸಾಮಾನ್ಯ. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ಅದನ್ನು ಪ್ರೈವೇಟ್ ಮಾಡಿ, ಫೈಲ್ ಆಂಡ್ ಪ್ರಿಂಟರ್ ಶೇರಿಂಗ್ ಆನ್ ಮಾಡಿ. 445ನೇ ಪೋರ್ಟ್ ತೆರೆಯುತ್ತದೆ (ಇದು ಕೇಬಲ್ ತೂತಲ್ಲ, ಕಂಪ್ಯೂಟರ್‌ನೊಳಗಿನ ನಂಬರ್ ಹಾಕಿದ ಬಾಗಿಲು), ಮೆಸೇಜ್ ಹೋಗುವುದು ಅದರಲ್ಲೇ. ಪಿಂಗ್ ಒಂದನ್ನೇ ನಂಬಬೇಡಿ, ಫೈರ್‌ವಾಲ್ ಪಿಂಗನ್ನು ತಡೆದೂ ಇರಬಹುದು. ಕಮಾಂಡ್ ಬರೆಯುವ ಇನ್ನೊಂದು ಕಿಟಕಿಯಾದ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಎಂದು ಬರೆದು ಕಂಪ್ಯೂಟರ್ ಹೆಸರು ಮತ್ತು -ಪೋರ್ಟ್ 445 ಕೊಟ್ಟರೆ ಟ್ರೂ ಅಥವಾ ಫಾಲ್ಸ್ ಎಂದು ಸ್ಪಷ್ಟವಾಗಿ ಬರುತ್ತದೆ.

ದಯವಿಟ್ಟು ಈ 445ನ್ನು ರೌಟರ್‌ನಲ್ಲಿ ಇಂಟರ್‌ನೆಟ್ ಕಡೆಗೆ ಯಾವತ್ತೂ ತೆರೆಯಬೇಡಿ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಎಂಬ ವೈರಸ್ ಜಗತ್ತಿಡೀ ಹರಡಿದ್ದು ಈ ಪೋರ್ಟ್‌ನ ಮೂಲಕವೇ. ಮನೆಯೊಳಗೆ ಇದ್ದರೆ ಸಾಕು.

ಈಗ ಎರರ್ 5. "ಎರರ್ 5 ಗೆಟಿಂಗ್ ಸೆಷನ್ ನೇಮ್ಸ್" ಎಂದು ಒಂದೇ ಸಾಲು ಬರುತ್ತದೆ, ಮುಂದೆ ಏನು ಮಾಡಬೇಕು ಅನ್ನುವುದಕ್ಕೆ ಒಂದು ಅಕ್ಷರ ಇಲ್ಲ. ನಾನು ಮಾರ್ಕ್ ಕಡಿಮೆ ಕೊಟ್ಟದ್ದು ಇದಕ್ಕೇ. 5 ಅಂದರೆ ಅನುಮತಿ ಇಲ್ಲ ಎಂದರ್ಥ. ಒಂದು ಲೆಕ್ಕದಲ್ಲಿ ಇದು ಒಳ್ಳೇ ಸುದ್ದಿ, ಬಾಗಿಲ ತನಕ ಹೋಗಿದ್ದೀರಿ, ಒಳಗಿನವರು ಬಿಡುತ್ತಿಲ್ಲ. ಮೆಸೇಜ್ ಪಡೆಯುವ ಕಂಪ್ಯೂಟರ್‌ನಲ್ಲಿ (ಕಳಿಸುವುದರಲ್ಲಿ ಅಲ್ಲ, ಇದು ಮುಖ್ಯ) ರಿಜಿಸ್ಟ್ರಿ ಎಡಿಟರ್, ಅಂದರೆ ವಿಂಡೋಸ್‌ನ ಒಳಗಿನ ಸೆಟ್ಟಿಂಗ್ ಬದಲಿಸುವ ಸಾಧನ, ತೆರೆಯಿರಿ. ಎಚ್‌ಕೀ ಲೋಕಲ್ ಮಷೀನ್, ಅದರೊಳಗೆ ಸಿಸ್ಟಂ, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಟರ್ಮಿನಲ್ ಸರ್ವರ್. ಬಲಗಡೆ ಅಲೌ ರಿಮೋಟ್ ಆರ್‌ಪಿಸಿ ಎಂಬುದು ಕಾಣುತ್ತದೆ, ಅಲ್ಲಿ ಶಬ್ದಗಳ ನಡುವೆ ಸ್ಪೇಸ್ ಇರುವುದಿಲ್ಲ. ಅದರ ಬೆಲೆ 0 ಇರುತ್ತದೆ, 1 ಮಾಡಿ, ಒಮ್ಮೆ ರೀಸ್ಟಾರ್ಟ್ ಮಾಡಿ. ಮುಟ್ಟುವ ಮೊದಲು ಆ ಭಾಗವನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳುವುದು ಒಳ್ಳೆಯದು. ಪಕ್ಕದ ಬೇರೆ ಯಾವುದನ್ನೂ ಮುಟ್ಟಬೇಡಿ.

ಇಷ್ಟಾದರೂ 5 ಹೋಗಲಿಲ್ಲವಾದರೆ ಪಾಸ್‌ವರ್ಡ್ ಕಡೆ ನೋಡಿ. ಈ ಕಮಾಂಡ್ ಯಾರೆಂದು ಕೇಳುವುದಿಲ್ಲ, ನೀವು ಲಾಗಿನ್ ಆದ ಹೆಸರಿನಲ್ಲೇ ಹೋಗಿ ಬಾಗಿಲು ತಟ್ಟುತ್ತದೆ. ಆ ಕಡೆಯ ಕಂಪ್ಯೂಟರ್‌ಗೆ ಆ ಹೆಸರು ಗೊತ್ತಿರಬೇಕು. ಎರಡರಲ್ಲೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್‌ನ ಅಕೌಂಟ್ ಇಡುವುದು ಸುಲಭದ ದಾರಿ. ನಾವು ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಆ ಕಡೆಯ ಕಂಪ್ಯೂಟರ್‌ನ ಹೆಸರು, ಯೂಸರ್, ಪಾಸ್‌ವರ್ಡ್ ಹಾಕಿಟ್ಟಿದ್ದೇವೆ, ಅದೂ ನಡೆಯುತ್ತದೆ. ಪಾಸ್‌ವರ್ಡ್ ಖಾಲಿ ಬಿಟ್ಟಿದ್ದರೆ ವಿಂಡೋಸ್ ನೆಟ್‌ವರ್ಕ್ ಮೇಲಿಂದ ಒಳಗೆ ಬಿಡುವುದಿಲ್ಲ. ಪಿನ್ ಕೂಡ ನಡೆಯುವುದಿಲ್ಲ, ಅದು ಆ ಒಂದು ಯಂತ್ರಕ್ಕೆ ಮಾತ್ರ. ದಿನಾ ನಾಲ್ಕು ಅಂಕಿ ಒತ್ತಿ ಒಳಗೆ ಹೋಗುವವರಿಗೆ ನಿಜವಾದ ಪಾಸ್‌ವರ್ಡ್ ಮರೆತೇ ಹೋಗಿರುತ್ತದೆ. ಮಾವನದ್ದು ಹುಡುಕುವುದಕ್ಕೆ ಹಳೇ ಡೈರಿ ತೆಗೆಯಬೇಕಾಯಿತು.

ದಿನದ ಬಳಕೆಗೆ ಡೆಸ್ಕ್‌ಟಾಪ್ ಮೇಲೆ ಎರಡು ಬ್ಯಾಚ್ ಫೈಲ್ ಮಾಡಿಕೊಟ್ಟಿದ್ದೇನೆ, ಒಂದರಲ್ಲಿ ಪಾರ್ಟಿ ಬಂದಿದ್ದಾರೆ ಎಂಬ ಸಾಲು, ಇನ್ನೊಂದರಲ್ಲಿ ಚಾ. ಡಬಲ್ ಕ್ಲಿಕ್ ಮಾಡಿದರೆ ಮುಗಿಯಿತು. ಫೈಲಿಗೆ ಎಂಎಸ್‌ಜಿ ಎಂದೇ ಹೆಸರಿಡಬೇಡಿ. ಕಮಾಂಡ್ ಪ್ರಾಂಪ್ಟ್ ಮೊದಲು ತಾನಿರುವ ಫೋಲ್ಡರ್‌ನಲ್ಲೇ ಹುಡುಕುವುದರಿಂದ ಆ ಫೈಲ್ ತನ್ನನ್ನೇ ತಾನು ಕರೆಯುತ್ತಾ ಸುತ್ತತೊಡಗುತ್ತದೆ. /ಡಬ್ಲ್ಯೂ ಸೇರಿಸಿದರೆ ಆ ಕಡೆಯವರು ಓಕೆ ಒತ್ತುವ ತನಕ ನಮ್ಮ ಕಿಟಕಿ ಕಾಯುತ್ತದೆ, ನೋಡಿದರೋ ಇಲ್ಲವೋ ತಿಳಿಯುತ್ತದೆ. ನನಗೆ ತುಂಬಾ ಇಷ್ಟವಾದದ್ದು ಇದು.

ಕೊರತೆಗಳೂ ಇವೆ. ಪೆಟ್ಟಿಗೆಯಲ್ಲಿ ಉತ್ತರ ಬರೆಯುವ ಜಾಗ ಇಲ್ಲ. ಹಿಂದಿನ ಮೆಸೇಜ್ ಎಲ್ಲೂ ಉಳಿಯುವುದಿಲ್ಲ. ಕನ್ನಡ ಬರೆಯುವವರಿಗೆ ಇನ್ನೂ ಒಂದು ನೋವು: ಕಮಾಂಡ್ ಪ್ರಾಂಪ್ಟ್‌ನ ಕಪ್ಪು ಕಿಟಕಿಯಲ್ಲಿ ನಮ್ಮ ಅಕ್ಷರ ಚೌಕ ಚೌಕವಾಗಿ ಕಾಣುತ್ತದೆ. ಇಡೀ ದಿನ ಕನ್ನಡದಲ್ಲೇ ಪುಟ ಕಟ್ಟುವ ನಾನು ಚಾಕ್ಕೆ ಬನ್ನಿ ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು. ವಿಂಡೋಸ್ ಇಷ್ಟು ವರ್ಷ ಆದರೂ ಇದನ್ನು ಸರಿಮಾಡದಿರುವುದು ನನಗೆ ನಿಜಕ್ಕೂ ಬೇಸರ.

ಮಗನ ಲ್ಯಾಪ್‌ಟಾಪ್‌ನಲ್ಲಿ ಹೋಮ್ ಎಡಿಷನ್ ಇರುವುದರಿಂದ ಅವನಿಗೆ ಐಪಿ ಮೆಸೆಂಜರ್ ಹಾಕಿದ್ದೇವೆ. ಜಪಾನಿನಲ್ಲಿ ಮಾಡಿದ್ದು, ಉಚಿತ, ಸರ್ವರ್ ಬೇಕಾಗಿಲ್ಲ, 2425ನೇ ಪೋರ್ಟ್ ಬಳಸುತ್ತದೆ. ಅದರಲ್ಲಿ ಉತ್ತರವನ್ನೂ ಬರೆಯಬಹುದು, ಫೈಲೂ ಕಳಿಸಬಹುದು. ಆದರೆ ಅದೂ ಎರಡು ರೌಟರ್‌ನ ಮನೆಯಲ್ಲಿ ತಾನಾಗಿ ಒಬ್ಬರನ್ನೊಬ್ಬರು ಹುಡುಕಿಕೊಳ್ಳುವುದಿಲ್ಲ, ಮೊದಲು ಹೇಳಿದ ಕೇಬಲ್ ಕೆಲಸ ಅದಕ್ಕೂ ಬೇಕು. ಮಾತು ಜಾಸ್ತಿ ಇರುವವರಿಗೆ ಅದು, ಕರೆಯುವುದಕ್ಕೆ ಮಾತ್ರವಾದರೆ ಎಂಎಸ್‌ಜಿ.

ಹೊರಗೆ ಒಯ್ಯುವ ಲ್ಯಾಪ್‌ಟಾಪ್‌ನಲ್ಲಿ ಆ ರಿಜಿಸ್ಟ್ರಿ ಬೆಲೆಯನ್ನು 1 ಮಾಡಿ ಬಿಡಬೇಡಿ. ಮಣಿಪಾಲದ ಕೆಫೆಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಸಿಗುವ ವೈಫೈಯನ್ನು ಯಾವತ್ತೂ ಪಬ್ಲಿಕ್ ಎಂದೇ ಇಡಿ. ನಮ್ಮ ಮನೆಯಲ್ಲಿ ಅದು 1 ಇರುವುದು ಅಲುಗಾಡದ ಎರಡು ಡೆಸ್ಕ್‌ಟಾಪ್‌ಗಳಲ್ಲಿ ಮಾತ್ರ.